ಓರೆಕ್ಸಿನ್ ಚೀಟಿ

ಅಂಗಿಯ ಗುಂಡಿಗೆ ಕಾಜಾ ಹೊಲಿಯುವುದರಲ್ಲಿ ಆ ಟೈಲರ್ ಅಂಗಡಿಯಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಆದರೂ ಅವಳಿಗೆ ಸಿಕ್ಕ ಹೆಸರು ನಿದ್ದೆಬುರುಕಿ. ಹಾಡಹಗಲಲ್ಲಿ ಮೆಷಿನ್ ಮುಂದೆಯೇ ಕಣ್ಣು ಮುಚ್ಚುತ್ತಿತ್ತು. ಕೈ ಮಾತ್ರ ತನ್ನ ಪಾಡಿಗೆ ಹೊಲಿಯುತ್ತಿತ್ತು. ಹಾಗೊಮ್ಮೆ ಯಾರದೋ ಅಂಗಿಯ ಬೆನ್ನಿಗೂ ಕಾಜಾ ಬಿದ್ದಿತ್ತು. ಊಟ ಅರ್ಧಕ್ಕಿಳಿಸಿದರೂ ಮೈ ಬರುತ್ತಿತ್ತು. "ತಿನ್ನೋದು, ತೂಕಡಿಸೋದು" ಎಂದು ಅಂಗಡಿ ಮಾಲೀಕರಾದ ಮಾಸ್ಟರ್ ಗಿರಾಕಿಗಳ ಮುಂದೆಯೇ ಹಂಗಿಸುತ್ತಿದ್ದರು. ಬೆನ್ನು ಮುರಿದು ದುಡಿಯುವವಳನ್ನು ಸೋಮಾರಿ ಅನ್ನಲು ಬಾಯಾದರೂ ಹೇಗೆ ಬರುತ್ತದೋ!

ಕೊನೆಗೆ ಡಾಕ್ಟರಮ್ಮ ಕಾರಣ ಹಿಡಿದರು. "ಮಿದುಳಲ್ಲಿ ಓರೆಕ್ಸಿನ್ ಅನ್ನೋ ಹಾರ್ಮೋನ್ ಇರುತ್ತಮ್ಮ. ಎಚ್ಚರ, ಹಸಿವು, ಮೈಯ ಶಕ್ತಿ ಎಲ್ಲವನ್ನೂ ಅದು ನೋಡ್ಕೊಳ್ಳುತ್ತೆ. ನಿನಗೆ ಅದೇ ಇಲ್ಲ. ನಿನ್ನ ತಪ್ಪೇನೂ ಇಲ್ಲ." ಜೋರಾಗಿ ನಕ್ಕರೆ ಕೈಕಾಲು ಕುಸಿಯಬಹುದು, ಒಂದೆರಡು ನಿಮಿಷದಲ್ಲಿ ಸರಿಹೋಗುತ್ತದೆ, ಮಧ್ಯಾಹ್ನ ಸ್ವಲ್ಪ ಮಲಗಲು ಬಿಡಬೇಕು ಎಂದೂ ಚೀಟಿಯಲ್ಲಿ ಬರೆದುಕೊಟ್ಟರು.

ಮಾಸ್ಟರ್ ಚೀಟಿ ಓದಿ ಹುಬ್ಬು ಹಾರಿಸಿದರು. "ಸೋಮಾರಿತನಕ್ಕೂ ಡಾಕ್ಟರು ಹೆಸರಿಟ್ರಾ? ನಕ್ಕರೆ ಬೀಳ್ತೀಯಂತೆ. ನೋಡೇಬಿಡೋಣ." ಎಲ್ಲರ ಮುಂದೆ ಶುರುಮಾಡಿದರು. "ನಿನ್ನೆ ಒಬ್ಬ ಕೋಟು ವಾಪಸ್ ತಂದ. ಕೋಟು ಸರಿಯಾಗಿದೆ ಮಾಸ್ಟ್ರೇ, ನನ್ನ ಹೊಟ್ಟೇನೇ ಎರಡಿಂಚು ಸಣ್ಣ ಮಾಡ್ಕೊಡಿ ಅಂದ!"

ಹಾಳಾದ ನಗು, ತಡೆದರೂ ನಿಲ್ಲಲಿಲ್ಲ. ಮಂಡಿ ಮಡಚಿಕೊಂಡಿತು, ಅವಳು ಬಟ್ಟೆ ರಾಶಿಯ ಮೇಲೆ ಕುಸಿದಳು. ಇಸ್ತ್ರಿ ಮಾಡುವ ಚಿಕ್ಕಮ್ಮ ನೀರಿಗೆ ಓಡಿದಳು. ಕಟಿಂಗ್ ಮಾಡುವ ತಾತ ಡಾಕ್ಟರಮ್ಮನಿಗೆ ಫೋನ್ ಮಾಡಲು ಹೊರಗೆ ಹೋದ.

ಅವಳಿಗೆ ನಾಲಿಗೆ ಆಡಲಿಲ್ಲ, ರೆಪ್ಪೆ ಏಳಲಿಲ್ಲ. ಎಚ್ಚರ ಮಾತ್ರ ಪೂರ್ತಿ ಇತ್ತು. ಪ್ರಜ್ಞೆ ತಪ್ಪಿದೆ ಎಂದುಕೊಂಡ ಮಾಸ್ಟರ್, ತಲೆಯ ಹತ್ತಿರವೇ ನಿಂತು, ಗಲ್ಲಾದಿಂದ ಎದ್ದುಬಂದ ಹೆಂಡತಿಗೆ ಹೇಳಿದರು: "ಈ ಪೀಡೆ ನಮಗ್ಯಾಕೆ? ಕಾಯಿಲೆ ಅಂತ ಬಿಡಿಸಿದ್ರೆ ನಾಲ್ಕು ಜನ ಕೇಳ್ತಾರೆ. ನಾಳೆ ರೇಷ್ಮೆ ಬಟ್ಟೆ ಕದ್ದಳು ಅಂತ ಹೇಳಿ ಕಳಿಸಿಬಿಡೋಣ."

ಎಂಟು ವರ್ಷದಲ್ಲಿ ಒಂದು ಗುಂಡಿಯನ್ನೂ ಮನೆಗೊಯ್ದವಳಲ್ಲ! ಕಳ್ಳಿ ಅನ್ನಿಸಿಕೊಂಡರೆ ಬೇರೆ ಯಾವ ಅಂಗಡಿ ಸೇರಿಸಿಕೊಳ್ಳುತ್ತದೆ? ಕೂಗಬೇಕೆನ್ನಿಸಿದರೂ ತುಟಿ ಅಲುಗಲಿಲ್ಲ.

ಚಿಕ್ಕಮ್ಮ ನೀರು ತಂದಳು, ತಾತನೂ ಒಳಗೆ ಬಂದ. ಅಷ್ಟರಲ್ಲಿ ಅವಳ ಬೆರಳು ಆಡಿತು. ಎದ್ದು ಕೂತಳು.

"ಈಗ ಹೇಗಿದೀಯಮ್ಮ?" ಮಾಸ್ಟರ್ ದನಿಯಲ್ಲಿ ಬೆಣ್ಣೆ.

"ಚೆನ್ನಾಗಿದೀನಿ ಮಾಸ್ಟ್ರೇ," ಎಂದಳು ಎಲ್ಲರಿಗೂ ಕೇಳುವಂತೆ. "ಕಾಯಿಲೆಯವಳು ಅಂತ ಬೇಕಾದ್ರೆ ಬಿಡಿಸಿ, ಹೋಗ್ತೀನಿ. ಆದ್ರೆ ಆ ರೇಷ್ಮೆ ಬಟ್ಟೆ ನಾನು ಯಾವಾಗ ಕದ್ದೆ, ಇವರೆಲ್ಲರ ಮುಂದೆ ಈಗಲೇ ಹೇಳಿ."