ಮಗುಚಿದ ಬಕೆಟ್ಟು

ದುದ್ದದ ಆ ಮನೆಯಲ್ಲಿ ಯಶಸ್ವಿನಿಯನ್ನು ಯಾರೂ ಏನೂ ಕೇಳದ ಜಾಗವೆಂದರೆ ಕೊಟ್ಟಿಗೆ ಒಂದೇ. ಮದುವೆಯಾಗಿ ಬಂದ ಹೊಸತರಲ್ಲಿ ಎದೆ ಬಿಗಿದಂತಾದಾಗೆಲ್ಲ ಅಲ್ಲಿ ಹೋಗಿ ಕೂತು, ಹಾಲಿನ ಬಕೆಟ್ಟನ್ನು ಮಡಿಲಲ್ಲಿ ಮಗುಚಿಕೊಂಡು ಬೆರಳಿನಿಂದ ತಾಳ ಬಡಿಯುತ್ತಿದ್ದಳು. ಚನ್ನರಾಯಪಟ್ಟಣದ ಕಾಲೇಜಿನಲ್ಲಿ ಕೋಲಾಟದ ತಂಡದಲ್ಲಿದ್ದವಳು, ಕೈ ತಾಳ ಮರೆತಿರಲಿಲ್ಲ. ಸ್ವಲ್ಪ ಹೊತ್ತು ಬಡಿದರೆ ಬಿಗಿದ ಭುಜ ಸಡಿಲಾಗಿ ಉಸಿರು ಹಗುರಾಗುತ್ತಿತ್ತು.

ಹಗುರಾದದ್ದು ಅವಳೊಬ್ಬಳೇ ಅಲ್ಲ, ಅದೇ ಎಡವಟ್ಟಾಯಿತು. ಒದೆಯುವುದರಲ್ಲಿ ಹೆಸರು ಮಾಡಿದ್ದ ಕೆಂದಹಸು ತಾಳ ಕೇಳುತ್ತ ಕಿವಿ ಇಳಿಬಿಟ್ಟು, ಸಲೀಸಾಗಿ ಹಾಲು ಇಳಿಸತೊಡಗಿತು. ಅತ್ತೆ ಬಸವಲಿಂಗಮ್ಮ ಡೇರಿಯಲ್ಲಿ ಸೊಸೆಯನ್ನು ಹೊಗಳಿದ್ದೇ ಹೊಗಳಿದ್ದು. ಬರಬರುತ್ತ ಅವಳು ಬಡಿಯದೆ ಹಸು ತೊಟ್ಟು ಹಾಲೂ ಬಿಡದಂತಾಯಿತು. ಗಂಡ ಗೌರೀಶಂಕರ ಒಮ್ಮೆ ತಾನೂ ಬಡಿದು ನೋಡಿ ಮೊಣಕಾಲಿಗೆ ಒದೆಸಿಕೊಂಡ. ಅಲ್ಲಿಂದ ಮುಂದೆ ಯಶಸ್ವಿನಿ ತವರಿಗೆ ಹೋದರೂ ಸಂಜೆಯೊಳಗೆ ಬಂದುಬಿಡಬೇಕಿತ್ತು.

ಈಗ ಹಾಸನದ ಲ್ಯಾಬೊಂದರಲ್ಲಿ ಕೆಲಸ ಸಿಕ್ಕಿತ್ತು. ರಕ್ತಪರೀಕ್ಷೆಯ ಡಿಪ್ಲೊಮಾ ಓದಿದ್ದೇ ಅದಕ್ಕೆ. ಸೋಮವಾರ ಸೇರಬೇಕು, ಮನೆಗೆ ಬರುವುದು ಕತ್ತಲಾದ ಮೇಲೆ.

"ಓಗವ್ವ, ನಾನೇನ್ ಬ್ಯಾಡ ಅನ್ನಕಿಲ್ಲ," ಅಂದರು ಅತ್ತೆ. "ಸಂಜೆ ಆಲು ಯಾರ್ ಕರೀಬೇಕು, ಅದೊಂದ್ ಏಳ್ಬುಟ್ಟು ಓಗು."

ಮನುಷ್ಯರ ಜೊತೆಯಾದರೆ ಜಗಳವಾಡಬಹುದು, ಮೂಕಪ್ರಾಣಿಯ ಜೊತೆ ಏನಂತ ಆಡುವುದು? ಅವಳಿಗೆ ಹಸುವಿನ ಮೇಲೆ ಸಿಟ್ಟು ಬಂತು. ಅದು ಬಂದು ಅವಳ ಕೈ ನೆಕ್ಕಿದಾಗ ತನ್ನ ಬೆರಳುಗಳ ಮೇಲೇ ಸಿಟ್ಟು ಬಂತು.

ಭಾನುವಾರ ಒಂದು ಉಪಾಯ ಹೊಳೆಯಿತು. ತಾಳವನ್ನು ಅತ್ತೆಯ ಮೊಬೈಲಿನಲ್ಲಿ ರೆಕಾರ್ಡು ಮಾಡಿದಳು. ಸಂಜೆ ಅದನ್ನು ಗೋಡೆಯ ಗೂಡಿನಲ್ಲಿ ಹಾಕಿಟ್ಟು, ಬಕೆಟ್ಟನ್ನು ಅತ್ತೆಯ ಕೈಗೆ ಕೊಟ್ಟು, ತಾನು ಬಾಗಿಲ ಮರೆಯಲ್ಲಿ ನಿಂತಳು. ಹಸು ಕತ್ತು ತಿರುಗಿಸಿ ಅವಳನ್ನು ಹುಡುಕಿತು, ಕಾಲು ಕೆದರಿತು. 'ಬಿಡು ತಾಯಿ, ನನ್ನನ್ನು ಬಿಟ್ಟುಬಿಡು' ಎಂದು ಯಶಸ್ವಿನಿ ಕಣ್ಣು ಮುಚ್ಚಿ ಬೇಡಿಕೊಂಡಳು. ಬಕೆಟ್ಟಿಗೆ ಹಾಲು ಚೊರ್ರನೆ ಬಿದ್ದ ಸದ್ದು ಕೇಳಿಸಿತು.

ಅವಳಿಗೆ ಅಳುವೇ ಬಂದುಬಿಟ್ಟಿತು, ಅಷ್ಟು ಸಂತೋಷ. ಗೌರೀಶಂಕರನಿಗೂ ಸಂತೋಷವೇ.

"ಭಲೇ ತಲೆ ಕಣೆ ನಿಂದು," ಅಂದ. "ಇನ್ಮೇಲೆ ಇದುನ್ನ ಅವ್ವ ನೋಡ್ಕತ್ತಳೆ. ನಿನ್ ಕೈ ಬಿಡುವಾಯ್ತು. ಇರೀಸಾವೆ ಸಂತೆಯಿಂದ ಇನ್ನೆರಡು ಅಸ ಒಡ್ಕೊಂಡ್ ಬಂದ್ಬುಡ್ತೀನಿ."

"ನಾಳೆ ಲ್ಯಾಬು, ರೀ."

"ಲ್ಯಾಬ್ ಎಲ್ಲಿಗ್ ಓಡೋಯ್ತದೆ? ಅಸ ನಿಂಗೆ ಒಗ್ಗಲಿ ಮೊದ್ಲು."

ಅತ್ತೆ ಹೌದೆಂಬಂತೆ ತಲೆಯಾಡಿಸಿ ಹಾಲು ಕರೆಯುತ್ತಲೇ ಇದ್ದರು. ಗೂಡಿನೊಳಗೆ ಅವಳದೇ ತಾಳ ಬಡಿಯುತ್ತಿತ್ತು. ಯಶಸ್ವಿನಿಗೆ ಎದೆ ಬಿಗಿಯಿತು, ಬೆರಳು ತಾವಾಗಿಯೇ ಬಕೆಟ್ಟಿನ ಕಡೆ ಚಾಚಿದವು. ಅದು ಅಂಚಿನವರೆಗೆ ಹಾಲಿನಿಂದ ತುಂಬಿತ್ತು.