ಮಾತ್ರೆಯ ಜೊತೆ ಚಕ್ಕೋತ

ಕಾರ್ತಿಕ ಮಾಸ. ಚಳಿ ಆಗ ತಾನೇ ಕಾಲಿಟ್ಟಿತ್ತು, ಅವರೆಕಾಯಿ ಇನ್ನೂ ಬಂದಿರಲಿಲ್ಲ. ಸಂಜೆ ಬಾಗಿಲಿಗೆ ದೀಪ ಇಡೋ ಹೊತ್ತಿಗೆ ಪಿಳ್ಳಮ್ಮ ಒಂದು ಚೀಲ ಚಕ್ಕೋತ ಹಣ್ಣು ಹೊತ್ತುಕೊಂಡು ದೇವನಹಳ್ಳಿ ಕಡೆಯಿಂದ ತಮ್ಮನ ಮನೆಗೆ ಬಂದಳು.

ತಮ್ಮ ಮುನಿವೆಂಕಟಪ್ಪನ ಮನೆ ಕೆ.ಆರ್. ಪುರದ ಹಳೇ ಊರಲ್ಲಿ. ಅವನಿಗೆ ರಕ್ತದ ಕ್ಯಾನ್ಸರು. ಮಾತ್ರೆ ನುಂಗಿಕೊಂಡು ಕೆಲವು ವರ್ಷ ಚೆನ್ನಾಗೇ ಇದ್ದ. ಈಚೆಗೆ ಆ ಮಾತ್ರೆ ಕೆಲಸ ಮಾಡುತ್ತಿಲ್ಲ ಅಂತ ರಕ್ತಪರೀಕ್ಷೆಯಲ್ಲಿ ಗೊತ್ತಾಗಿ, ಡಾಕ್ಟರು ಬೇರೆ ಮಾತ್ರೆ ಬರೆದುಕೊಟ್ಟಿದ್ದರು. ಹೆಂಡತಿ ಬೈರಮ್ಮನಿಗೆ ಅದೊಂದೇ ಚಿಂತೆ. ಇದೂ ಕೈಕೊಟ್ಟರೆ?

"ನಾಟ್ತಿದ್ದ ಮದ್ದು ಇದ್ದಕ್ಕಿದ್ದಂಗೆ ನಾಟದೆ ಹೋಗ್ತದಾ?" ಅಂದಳು ಪಿಳ್ಳಮ್ಮ.

"ನಮ್ಮ ಕೋಸಿನ ಹುಳ ಮರ್ತುಬಿಟ್ಯಾ ಅಕ್ಕಾ?" ಅಂದ ಮುನಿವೆಂಕಟಪ್ಪ. ಈಗ ಬಾಡಿಗೆ ಮನೆಗಳಿರೋ ಜಾಗದಲ್ಲಿ ಒಂದು ಕಾಲಕ್ಕೆ ಅವನದ್ದೇ ಕೋಸಿನ ತೋಟ ಇತ್ತು. "ಮೊದಲು ಔಷಧಿ ಹೊಡೆದ್ರೆ ಹುಳ ಉದುರಿ ಬೀಳ್ತಿದ್ವು. ಆಮೇಲಾಮೇಲೆ ಅದ್ರಲ್ಲೇ ಸ್ನಾನ ಮಾಡ್ಕೊಂಡು ಎಲೆ ತಿಂತಿದ್ವು. ಸಾಯದೆ ಉಳಿದ ಹುಳದ ಮಕ್ಕಳೇ ತೋಟ ತುಂಬ್ಕೊಂಡ್ವು. ಈ ರೋಗಾನೂ ಹಂಗೇ ಅಂತೆ."

"ಹಂಗಾದ್ರೆ ಮದ್ದಿಗೆ ಬಲ ಕೊಡ್ಬೇಕು ಕಣೋ. ಫೋನಲ್ಲಿ ಬಂದೈತೆ. ಅರಿಶಿನ, ಮೆಣಸು, ಹಣ್ಣಿನ ರಸ, ಇವೆಲ್ಲ ಕ್ಯಾನ್ಸರಿನ ಮೊಂಡುತನ ಮುರೀತವಂತೆ. ವಿಜ್ಞಾನಿಗಳೇ ಕಂಡ್ಹಿಡಿದವ್ರೆ."

"ಡಾಕ್ಟ್ರನ್ನ ಒಂದು ಮಾತು ಕೇಳೋಣ ಅತ್ತಿಗೆ" ಅಂದಳು ಬೈರಮ್ಮ.

"ಕೇಳಿದ್ರೆ ಬೈತಾರೆ. ಗಿಡದ ಹಣ್ಣು ಕಣಮ್ಮಿ, ಅದೇನ್ ಮಾಡ್ತದೆ?"

ಗಂಡನ ಅಕ್ಕ. ಪ್ರೀತಿಯಿಂದ ಹೊತ್ತು ತಂದಿದ್ದಾಳೆ. ಎದುರು ಮಾತಾಡೋದು ಹೇಗೆ? ಬೈರಮ್ಮ ಚೀಲ ಒಳಗಿಟ್ಟಳು. ಮಾರನೇ ದಿನದಿಂದ ತಿಂಡಿ ಹೊತ್ತಿಗೆ ದೊಡ್ಡ ಲೋಟದಲ್ಲಿ ಚಕ್ಕೋತ ರಸ, ಅದಕ್ಕೆ ಅರಿಶಿನ, ಕುಟ್ಟಿದ ಮೆಣಸು. ಮುನಿವೆಂಕಟಪ್ಪ ಮುಖ ಕಿವುಚಿಕೊಂಡು ಕುಡಿಯುತ್ತಿದ್ದ. "ರೋಗ ಓಡಿಹೋಗುತ್ತೋ ಇಲ್ವೋ, ನಾನಂತೂ ಮನೆ ಬಿಟ್ಟು ಓಡಿಹೋಗ್ತೀನಿ" ಅನ್ನುತ್ತಿದ್ದ.

ಒಂದು ವಾರ ಕಳೆದಿರಬೇಕು. ಸ್ನಾನ ಮುಗಿಸಿ ಬಂದವನು ಗೋಡೆ ಹಿಡಿದು ಹಾಗೇ ಕುಸಿದ. ಕಣ್ಣಿಗೆ ಕತ್ತಲೆ, ಎದೆ ಡವಡವ.

"ಆ ಹೊಸ ಮಾತ್ರೆ ಮಾಡಿದ ಕೆಲ್ಸ ಇದು! ನಿಲ್ಸು ಮೊದ್ಲು!" ಅಂತ ಪಿಳ್ಳಮ್ಮ ಎದೆ ಬಡಿದುಕೊಂಡಳು.

ಬೈರಮ್ಮ ಗುಲ್ಷನ್‌ಗೆ ಫೋನ್ ಮಾಡಿದಳು. ಗುಲ್ಷನ್ ಶಿವಾಜಿನಗರದವರು. ಹಲಸೂರಿನ ಹತ್ತಿರ ಮುನಿವೆಂಕಟಪ್ಪ ತೋರಿಸಿಕೊಳ್ಳೋ ಆಸ್ಪತ್ರೆಯಲ್ಲಿ ನರ್ಸು.

"ಯಾಕೆ ಹಿಂಗಾಯ್ತೋ ನಂಗೂ ಗೊತ್ತಿಲ್ಲಮ್ಮಾ. ಮನೇಲಿ ಕೂತು ಲೆಕ್ಕ ಹಾಕೋದು ಬೇಡ. ಈಗ್ಲೇ ಕರ್ಕೊಂಡ್ ಬನ್ನಿ. ಕೊಡ್ತಿರೋದೆಲ್ಲಾ ಜೊತೆಗೆ ತನ್ನಿ."

ಚಕ್ಕೋತ ತೋರಿಸಿದರೆ ಎಲ್ಲಿ ಬೈತಾರೋ ಅಂತ ಬೈರಮ್ಮ ಮಾತ್ರೆ ಡಬ್ಬಿ ಮಾತ್ರ ತಗೊಂಡಳು.

ಆಸ್ಪತ್ರೆಯಲ್ಲಿ ಇಸಿಜಿ ತೆಗೆದರು. ಎದೆಬಡಿತ ಹದ ತಪ್ಪಿತ್ತು. ಡಾಕ್ಟರ್ ತೇಜಶ್ರೀ ಕೇಳಿದರು, "ಮಾತ್ರೆ ಬಿಟ್ಟು ಬೇರೆ ಏನಾದ್ರೂ ತಗೋತಿದ್ರಾ?"

"ಏನಿಲ್ಲ ಮೇಡಂ." ಬೈರಮ್ಮ ನೆಲ ನೋಡಿದಳು.

"ಹಾಗಾದ್ರೆ ಈ ಮಾತ್ರೆ ಇವರಿಗೆ ಒಗ್ತಿಲ್ಲ. ನಿಲ್ಲಿಸಲೇಬೇಕಾಗುತ್ತೆ. ಇನ್ನು ಉಳಿದಿರೋ ಮದ್ದು ಕಮ್ಮಿ ಅಮ್ಮಾ."

ಹಿಂದಿನಿಂದ ಪಿಳ್ಳಮ್ಮನ ದನಿ ಬಂತು.

"ಏನಿಲ್ಲ ಅಂತ ಯಾಕಮ್ಮಿ ಅಂತೀಯ? ದಿನಾ ಲೋಟದ ತುಂಬ ಕುಡಿಸ್ತಿರೋಳು ನಾನು! ನಮ್ಮ ಗಿಡದ ಚಕ್ಕೋತ, ಮೆಣಸು, ಅರಿಶಿನ. ಬೈಯೋದಿದ್ರೆ ನನ್ನ ಬೈಯಿರಿ ಡಾಕ್ಟ್ರಮ್ಮಾ."

ಡಾಕ್ಟರು ಬೈಯಲಿಲ್ಲ. ಪಿಳ್ಳಮ್ಮನ ಕೈ ಹಿಡಿದುಕೊಂಡರು. "ದೊಡ್ಡ ಉಪಕಾರ ಮಾಡಿದ್ರಿ ಅಜ್ಜಿ. ನೀವು ಹೇಳದೆ ಇದ್ದಿದ್ರೆ ಒಳ್ಳೇ ಮಾತ್ರೇನ ಕೈಬಿಡ್ತಿದ್ದೆ. ನುಂಗಿದ ಮಾತ್ರೆನ ಮೈ ಸ್ವಲ್ಪ ಸ್ವಲ್ಪ ಕರಗಿಸಿ ಹೊರಗೆ ಹಾಕುತ್ತೆ. ಚಕ್ಕೋತದಲ್ಲಿರೋ ಒಂದು ಅಂಶ ಅದಕ್ಕೆ ಅಡ್ಡ ನಿಲ್ಲುತ್ತೆ. ಆಗ ಮದ್ದು ರಕ್ತದಲ್ಲೇ ಏರ್ತಾ ಹೋಗಿ ಎದೆಗೆ ತೊಂದ್ರೆ ಆಗುತ್ತೆ. ಎಲ್ಲಾ ಮದ್ದಿಗೂ ಅಲ್ಲ. ಇಂಥ ಕೆಲವಕ್ಕೆ."

"ಹಂಗಾದ್ರೆ ಗಿಡದ್ದೆಲ್ಲಾ ಕೆಟ್ಟದ್ದೇ?"

"ಯಾರಂದ್ರು? ಬೇಲಿ ಹತ್ರ ನಿತ್ಯಪುಷ್ಪ ಇರುತ್ತಲ್ಲ, ಅದರಿಂದಾನೇ ಕ್ಯಾನ್ಸರಿಗೆ ಇಂಜೆಕ್ಷನ್ ಮಾಡ್ತಾರೆ. ಹಂಗಂತ ಆ ಎಲೆ ಅರೆದು ಕುಡಿದ್ರೆ ವಿಷ. ಮದ್ದಿಗೆ ಬಗ್ಗದ ಕ್ಯಾನ್ಸರನ್ನ ಬಗ್ಗಿಸೋಕೆ ಅರಿಶಿನದ ಸತ್ವ, ಇನ್ನೂ ಏನೇನೋ ಪರೀಕ್ಷೆ ನಡೀತಿದೆ, ಅದು ನಿಜ. ಆದ್ರೆ ಹೆಚ್ಚಿನದು ಇನ್ನೂ ಪ್ರಯೋಗಾಲಯದಲ್ಲೇ ಇದೆ. ಎಷ್ಟು ಕೊಡ್ಬೇಕು, ಯಾರಿಗೆ ಕೊಡ್ಬೇಕು ಅಂತ ಗೊತ್ತಾಗಿಲ್ಲ. ಸಾರಿಗೆ ಹಾಕೋ ಚಿಟಿಕೆ ಅರಿಶಿನ ಇರ್ಲಿ. ಕಷಾಯ, ಪುಡಿ, ಗುಳಿಗೆ ಅಂದ್ರೆ ಮೊದಲು ನನ್ನ ಕೇಳಿ."

ಮುನಿವೆಂಕಟಪ್ಪ ಮಲಗಿದಲ್ಲಿಂದಲೇ ಅಂದ, "ನಾವೂ ಕೋಸಿಗೆ ಒಂದಕ್ಕೊಂದು ಬೆರೆಸಿ ಹೊಡೀತಿದ್ವಿ ಮೇಡಂ, ಬಲ ಬರ್ಲಿ ಅಂತ."

"ಬೆರೆಸಿದ್ರಿ, ಬೆರೆಸಿದ್ರಿ!" ಅಂದಳು ಬೈರಮ್ಮ. "ನೀವೂ ನಿಮ್ಮ ಭಾವನೂ ಅಂದಾಜಲ್ಲಿ ಬೆರೆಸಿ ಹೊಡೆದಿದ್ದು ನಂಗೆ ನೆನಪಿಲ್ವಾ? ಹುಳ ನಗ್ತಾ ಕೂತಿತ್ತು. ಸುಟ್ಟು ಹೋಗಿದ್ದು ಕೋಸು."

ಭಾವ ಅಂದರೆ ಪಿಳ್ಳಮ್ಮನ ಗಂಡ. ಮೊದಲು ನಕ್ಕವಳು ಪಿಳ್ಳಮ್ಮನೇ. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಡಾಕ್ಟರು ಮುನಿವೆಂಕಟಪ್ಪನನ್ನು ಆಸ್ಪತ್ರೆಯಲ್ಲೇ ಇಟ್ಟುಕೊಂಡು, ಎದೆಬಡಿತ ಸರಿಯಾದ ಮೇಲೆ ಅದೇ ಮಾತ್ರೆಯನ್ನು ಮತ್ತೆ ಶುರು ಮಾಡಿದರು. ಈ ಸಲ ಅದರ ಜೊತೆ ಏನೂ ಇರಲಿಲ್ಲ. ಮನೆಗೆ ಬಂದ ಮೇಲೂ ಪಿಳ್ಳಮ್ಮ ಉಳಿದುಕೊಂಡಳು, ತಮ್ಮನ ರಕ್ತ ಏನು ಹೇಳುತ್ತೋ ನೋಡೇ ಹೋಗ್ತೀನಿ ಅಂತ. ಯುಗಾದಿ ಹತ್ತಿರ ಬಂದಾಗ ಗುಲ್ಷನ್ ಫೋನ್ ಮಾಡಿದರು. "ಅಮ್ಮಾ, ಹೊಸ ಮಾತ್ರೆ ನಾಟಿದೆ. ರೋಗ ಇಳೀತಿದೆ." ಬೈರಮ್ಮ ಫೋನನ್ನೇ ಕಣ್ಣಿಗೊತ್ತಿಕೊಂಡಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾರಾದರೂ ಕ್ಯಾನ್ಸರಿಗೆ ಮದ್ದು ತಗೋತಿರಬಹುದು. ನಂಟರು ಪ್ರೀತಿಯಿಂದ ಏನಾದರೂ ತಂದುಕೊಟ್ಟರೆ ಅವರನ್ನು ಬೈಯಬೇಡಿ. ತಂದಿದ್ದನ್ನು ಎತ್ತಿಟ್ಟು, ಮೊದಲು ಡಾಕ್ಟರಿಗೆ ತೋರಿಸಿ. ಕೊಟ್ಟಾಗಿದ್ದರೆ ಮುಚ್ಚಿಡಬೇಡಿ. ತಲೆ ಸುತ್ತಿದರೆ, ಎದೆ ಹೊಡೆದುಕೊಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಮದ್ದು ನಿಲ್ಲಿಸೋದು, ಬದಲಿಸೋದು ಡಾಕ್ಟರ ಕೆಲಸ. ಇದ್ದದ್ದನ್ನು ಇದ್ದ ಹಾಗೆ ಹೇಳೋದು ನಮ್ಮ ಕೆಲಸ.

ಆ ಸುದ್ದಿ ಬಂದ ಮೇಲೆ ಪಿಳ್ಳಮ್ಮ ಶುಕ್ರವಾರವೇ ಗಂಟು ಕಟ್ಟಿದ್ದಳು. "ಶುಕ್ರವಾರ ಮನೆ ಮಗಳನ್ನ ಯಾರಾದ್ರೂ ಕಳಿಸ್ತಾರಾ ಅತ್ತಿಗೆ? ಈ ಮನೆ ದೀಪ ಉಳಿಸಿದ ಬಾಯಿ ನಿಮ್ದು" ಅಂತ ಬೈರಮ್ಮ ಗಂಟು ಬಿಚ್ಚಿ ಒಳಗಿಟ್ಟಳು. ಮಡಿಲಕ್ಕಿ ತುಂಬಿಸಿಕೊಂಡು ಪಿಳ್ಳಮ್ಮ ಊರಿಗೆ ಹೊರಟದ್ದು ಭಾನುವಾರ.