ಹಳದಿ ಬೋರ್ಡು

ಬಜಪೆ ಏರ್‌ಪೋರ್ಟಿನ ಹೊರಗೆ ನಿಂತು ಕಾರ್ಮಿನ್ ತನ್ನ ಸ್ವಂತ ಕಾರನ್ನು ಹುಡುಕುತ್ತಿದ್ದಳು. ಕೊಂಡು ನಾಲ್ಕು ತಿಂಗಳಾಗಿತ್ತು, ಮುಟ್ಟಿ ನೋಡಿರಲಿಲ್ಲ. ಬೆಳ್ಳಿ ಬಣ್ಣ, ಎಡಗಡೆಯ ಹಿಂಬಾಗಿಲಿನ ಕೆಳಗೆ ಗೇಣುದ್ದದ ಗೀರು. ಇದಿಷ್ಟನ್ನು ವಿಡಿಯೋ ಕಾಲ್‌ನಲ್ಲಿ ನೋಡಿ ನೋಡಿ ಬಾಯಿಪಾಠ ಮಾಡಿಕೊಂಡಿದ್ದಳು. ಕಾರು ಸಿಕ್ಕಿತು, ಗೀರೂ ಇತ್ತು. ಆದರೆ ನಂಬರ್ ಪ್ಲೇಟ್ ಹಳದಿ!

"ಇದೆಂತ ಹಳದಿ ಬೋರ್ಡು?"

"ಸರ್‌ಪ್ರೈಸ್ ಮಾರಾಯ್ತಿ! ಟ್ಯಾಕ್ಸಿ ಮಾಡಿದೆ" ಎಂದು ಅಣ್ಣ ಡೆನ್ಜಿಲ್ ಬಾನೆಟ್ಟಿನ ಮೇಲೆ ತಟ್ಟಿದ. "ನೀನು ಬರೋದು ವರ್ಷಕ್ಕೊಂದು ಸಲ. ಅಷ್ಟರವರೆಗೆ ಕಾರು ಅಂಗಳದಲ್ಲಿ ನಿಂತು ಎಂತ ಮಾಡೋದು?"

ಡಿಕ್ಕಿ ತೆಗೆದರೆ ಅಲ್ಲಿ ಕಾರು ಓಡಿಸುವ ಗ್ಯಾಸಿನ ಸಿಲಿಂಡರು ಕಾಲು ಚಾಚಿ ಮಲಗಿತ್ತು. ದೊಡ್ಡ ಸೂಟ್‌ಕೇಸಿಗೆ ಮುಂದಿನ ಸೀಟು ಸಿಕ್ಕಿತು. ಕಾರಿನ ಯಜಮಾನ್ತಿ ಹಿಂದೆ ಕೂತಳು, ಮೀಟರು ನೋಡುವ ಪ್ಯಾಸೆಂಜರಿನ ಹಾಗೆ.

ಆ ಕಾರು ಕೊಂಡದ್ದರ ಹಿಂದೆ ದೊಡ್ಡ ಕಥೆಯೇ ಇದೆ. ಮಸ್ಕತ್ತಿನ ಆಸ್ಪತ್ರೆಯಲ್ಲಿ ಹತ್ತೊಂಬತ್ತು ವರ್ಷ ನರ್ಸಾಗಿ ದುಡಿದವಳಿಗೆ ಸಾಕಾಗಿತ್ತು. ಸಾಕು ಎಂದರೆ ನಿಜವಾಗಿ ಸಾಕು. ಮಂಗಳೂರಿಗೆ ಬಂದು ಮನೆಮನೆಗೆ ಹೋಗಿ ರೋಗಿಗಳ ಗಾಯಕ್ಕೆ ಡ್ರೆಸ್ಸಿಂಗ್ ಮಾಡುವುದು, ಇಂಜೆಕ್ಷನ್ ಕೊಡುವುದು ಎಂದು ಲೆಕ್ಕ ಹಾಕಿದ್ದಳು. ಫಳ್ನೀರಿನ ಒಬ್ಬ ಡಾಕ್ಟರು ದಿನಕ್ಕೆ ಆರು ಮನೆ ಗ್ಯಾರಂಟಿ ಎಂದಿದ್ದರು, ಆದರೆ ಸ್ವಂತ ಗಾಡಿ ಬೇಕು. ಅದಕ್ಕಾಗಿ ಮಸ್ಕತ್ತಿನಲ್ಲಿ ಮೂರು ಸಲ ಫೇಲಾಗಿ ನಾಲ್ಕನೇ ಸಲ ಡ್ರೈವಿಂಗ್ ಪಾಸಾದಳು. ಕಾವೂರಿನ ಹಳೇ ಕಾರುಗಳ ಶೋರೂಮಿನವನಿಗೆ ಡ್ಯೂಟಿಯ ನಡುವೆ ಲಾಕರ್ ರೂಮಿನಿಂದ ಫೋನ್ ಮಾಡಿ, ಬಾನೆಟ್ ತೆಗೆಸಿ, ಟೈರು ತಿರುಗಿಸಿ, ಹಾರ್ನ್ ಕೂಡ ಹೊಡೆಸಿ ನೋಡಿದಳು. ಹಾರ್ನಿನ ಸದ್ದಿಗೆ ಹೆಡ್ ನರ್ಸ್ ಬಾಗಿಲು ತೆಗೆದು ಇಣುಕಿದ್ದೂ ಆಯಿತು.

ಹಣ ಪೂರ್ತಿ ಕಳಿಸಿದ ಮೇಲೆ ಶೋರೂಮಿನ ಇಮ್ತಿಯಾಝ್ ಕಾರನ್ನು ಅವಳ ಹೆಸರಿಗೆ ಮಾಡಲು ಒಟಿಪಿ ಕೇಳಿದ. ಅವಳ ಊರಿನ ಸಿಮ್ಮು ರೀಚಾರ್ಜ್ ಇಲ್ಲದೆ ಎಂದೋ ಸತ್ತಿತ್ತು. ಹೊರದೇಶದಲ್ಲಿ ಕೂತವರು ಇಂಥ ಹೊತ್ತಿನಲ್ಲಿ ಎಂತ ಮಾಡುತ್ತಾರೋ ಅವಳೂ ಅದನ್ನೇ ಮಾಡಿದಳು. "ಅಣ್ಣನ ಹೆಸರಲ್ಲೇ ಮಾಡಿ, ಒಂದೇ ಮನೆ ಅಲ್ವಾ" ಎಂದು ವಾಯ್ಸ್ ಮೆಸೇಜ್ ಹಾಕಿ ಡ್ಯೂಟಿಗೆ ಓಡಿದಳು. ಜಾಗ, ಗ್ಯಾಸ್ ಕನೆಕ್ಷನ್, ಕರೆಂಟು ಮೀಟರು, ಎಲ್ಲವೂ ಹಾಗೇ ಅಣ್ಣನ ಹೆಸರಿನಲ್ಲಿದ್ದವು. ಕಾರೊಂದು ಯಾಕೆ ಬೇರೆ?

ಕಳೆದ ತಿಂಗಳು ರಾಜೀನಾಮೆ ಕೊಟ್ಟಳು. ವೀಸಾ ರದ್ದಾದ ಕಾಗದ ಈಗ ಹ್ಯಾಂಡ್‌ಬ್ಯಾಗಿನಲ್ಲಿದೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಎದುರಿಗೆ ಕೂತು ಹೇಳಬೇಕೆಂದಿತ್ತು.

ಗುಡ್ಡದ ತಿರುವು ಇಳಿಯುವಾಗ ಹೇಳಿಯೇ ಬಿಟ್ಟಳು. "ಡೆನ್ಜಿಲ್, ನಾನಿನ್ನು ವಾಪಸ್ ಹೋಗುವುದಿಲ್ಲ."

ಅವನು ಜೋರಾಗಿ ನಕ್ಕ. "ಬಂತಾ ಡೈಲಾಗ್? ಈ ಸಲ ಇನ್ನೂ ಬರಲಿಲ್ಲ ಅಂತ ನೋಡ್ತಾ ಇದ್ದೆ."

ತಪ್ಪು ಅವನದ್ದಲ್ಲ. ಪ್ರತಿ ರಜೆಯಲ್ಲೂ ಇದೇ ತಿರುವಿನಲ್ಲಿ ಇದೇ ಮಾತು ಹೇಳಿ, ಮೂವತ್ತೈದನೇ ದಿನ ಉಪ್ಪಿನಕಾಯಿ ಕಟ್ಟಿಸಿಕೊಂಡು ವಿಮಾನ ಹತ್ತಿದವಳು ಇವಳೇ. ಈಗ ಸತ್ಯ ಹೇಳಿದರೆ ಯಾರು ನಂಬಬೇಕು? ಕಾರ್ಮಿನ್‌ಗೆ ತನ್ನ ನಾಲಿಗೆಯ ಮೇಲೆಯೇ ಕೆಟ್ಟ ಸಿಟ್ಟು ಬಂತು.

"ಶೋರೂಮಿನ ಹತ್ರ ನಿಲ್ಲಿಸು" ಎಂದಳು.

"ಈಗಲಾ? ಮನೆಯಲ್ಲಿ ನಿನ್ನ ಅತ್ತಿಗೆ ಊಟಕ್ಕೆ ಕಾಯ್ತಾ ಇದ್ದಾಳೆ."

"ನಿಲ್ಲಿಸು ಅಂದೆ."

ನಿಂತಿತು. ಬಾಗಿಲಿನ ಹಿಡಿ ಎಳೆದಳು, ಬಾಗಿಲು ಜಪ್ಪಯ್ಯ ಅನ್ನಲಿಲ್ಲ. ಮತ್ತೊಮ್ಮೆ ಎಳೆದಳು. "ಚೈಲ್ಡ್ ಲಾಕ್ ಹಾಕಿದ್ದೇನೆ, ಪ್ಯಾಸೆಂಜರ್‌ಗಳ ಮಕ್ಕಳು ಸುಮ್ಮನೆ ಇರೂದಿಲ್ಲ" ಎನ್ನುತ್ತ ಡೆನ್ಜಿಲ್ ಇಳಿದು, ಸುತ್ತು ಬಂದು, ಹೊರಗಿನಿಂದ ತೆಗೆದ. ಅಷ್ಟು ಹೊತ್ತು ಅವಳು ಒಳಗೇ ಕೂತಿರಬೇಕಾಯಿತು.

ಇಮ್ತಿಯಾಝ್ ಒಳ್ಳೆಯ ಮನುಷ್ಯ. ಎದ್ದು ನಿಂತು, ಜ್ಯೂಸ್ ತರಿಸಿ, ಕಾರು ತನ್ನ ಹೆಸರಿಗಾಗಬೇಕು ಎಂದು ಅವಳು ಹೇಳಿದ ಮೇಲೆ ಫೈಲು ಬಿಡಿಸಿದ. "ಮೇಡಂ, ನಿಮ್ಮ ಹೆಸರಿಗೆ ಮಾಡ್ಲಿಕ್ಕೆ ಆಗ್ತದೆ, ಯಾಕೆ ಆಗೂದಿಲ್ಲ? ಮೊದಲು ಟ್ಯಾಕ್ಸಿ ಪರ್ಮಿಟ್ ವಾಪಸ್ ಕೊಡ್ಬೇಕು. ಮತ್ತೆ ಬೋರ್ಡು ಬಿಳಿ. ಮತ್ತೆ ನಿಮ್ಮ ಅಣ್ಣ ಸೈನ್ ಹಾಕ್ಬೇಕು. ಎರಡು ಮೂರು ತಿಂಗಳು ಹಿಡೀತದೆ. ಅಷ್ಟು ದಿನ ನೀವು ಊರಲ್ಲಿ ಇರ್ಬೇಕಲ್ಲ?"

"ಇರ್ತೇನೆ."

"ರಜೆ ಎಷ್ಟುಂಟು?"

"ಮೂವತ್ತೈದು ದಿನ" ಎಂದು ಡೆನ್ಜಿಲ್ ಉತ್ತರಿಸಿದ. "ಬಂದ ದಿನ ಇವಳು ಹೀಗೇ ಹೇಳೂದು."

ಇಬ್ಬರೂ ನಕ್ಕರು. ಕಾರ್ಮಿನ್ ಬ್ಯಾಗಿನಿಂದ ಕಾಗದ ತೆಗೆದು ಮೇಜಿನ ಮೇಲೆ, ಸರಿಯಾಗಿ ಅಣ್ಣನ ಜ್ಯೂಸ್ ಗ್ಲಾಸಿನ ಪಕ್ಕದಲ್ಲಿಟ್ಟಳು.

ಡೆನ್ಜಿಲ್ ಓದಿದ. ಕೆಳಗಿನ ಸೀಲಿನ ತಾರೀಕನ್ನು ಎರಡು ಸಲ ನೋಡಿದ. ನಗು ಎಲ್ಲಿ ಹೋಯಿತೋ! ಎದ್ದು ಹೊರಗೆ ಹೋದ. ಇಮ್ತಿಯಾಝ್ ಪಾಪ, ಫೈಲಿನ ದಾರ ಬಿಚ್ಚಿ ಕಟ್ಟಿ ಮಾಡುತ್ತ ಕೂತ.

ಅವಳು ಹೊರಗೆ ಬಂದಾಗ ಡೆನ್ಜಿಲ್ ಕಾರಿಗೆ ಒರಗಿ ನಿಂತಿದ್ದ.

"ನನಗೆ ಈ ಕಾರು ಬೇಕು ಡೆನ್ಜಿಲ್. ಇದನ್ನು ನಂಬಿಯೇ ಕೆಲಸ ಬಿಟ್ಟದ್ದು."

"ನಾನೂ ಬಿಟ್ಟೆ" ಎಂದ ಅವನು.

"ಎಂತ ಬಿಟ್ಟೆ?"

"ಕೆಲಸ. ಬಂದರಿನ ಅಂಗಡಿದು. ಪರ್ಮಿಟ್ ಸಿಕ್ಕಿದ ಮರುದಿನವೇ."

ಆ ಹಾರ್ಡ್‌ವೇರ್ ಅಂಗಡಿಯಲ್ಲಿ ಅಣ್ಣ ಇಪ್ಪತ್ತೆರಡು ವರ್ಷ ಮೊಳೆ, ಬೋಲ್ಟು ತೂಗಿದ್ದು ಅವಳಿಗೆ ಗೊತ್ತಿತ್ತು. ಗಿರಾಕಿಗಳ ಎದುರಿಗೇ ಧಣಿ ಬೈಯುತ್ತಿದ್ದುದೂ ಗೊತ್ತಿತ್ತು.

"ಎದುರಿಗೆ ನಿಂತು ಹೇಳಿದೆ ಕಾರ್ಮಿನ್. ನಿಮ್ಮ ಕೆಲಸ ನೀವೇ ಇಟ್ಕೊಳ್ಳಿ, ನನಗೆ ನನ್ನದೇ ಗಾಡಿ ಉಂಟು ಅಂತ. ಎಷ್ಟು ಖುಷಿ ಆಯ್ತು ಗೊತ್ತುಂಟಾ ನಿನಗೆ? ದೇವರಾಣೆ, ಅಂಗಡಿಯಿಂದ ಮನೆವರೆಗೆ ನಡೆದುಕೊಂಡೇ ಬಂದೆ, ಬಸ್ಸು ಹತ್ಲಿಕ್ಕೆ ನೆನಪಾಗ್ಲಿಲ್ಲ."

ಗೊತ್ತಿತ್ತು. ರಾಜೀನಾಮೆ ಕೊಟ್ಟ ದಿನ ಅವಳೂ ಆಸ್ಪತ್ರೆಯ ಲಿಫ್ಟು ಬಿಟ್ಟು ಒಂಬತ್ತು ಮಹಡಿ ಮೆಟ್ಟಿಲಿಳಿದು ಬಂದಿದ್ದಳು. ಇವನನ್ನು ಬೈಯಲು ಬಾಯಿ ಬರಲಿಲ್ಲ. ಬೈಯದೆ ಇರಲೂ ಆಗದೆ ಅವಳು ಸುಮ್ಮನೆ ಕಾರಿನ ಗಾಜಿನ ಮೇಲಿನ ಧೂಳನ್ನು ಬೆರಳಿನಿಂದ ಉಜ್ಜಿದಳು.

"ಯಾರನ್ನಾದರೂ ಕೇಳಬಾರದಿತ್ತಾ ನೀನು? ನನ್ನನ್ನೊಮ್ಮೆ ಕೇಳಬಾರದಿತ್ತಾ?"

"ನೀನು ಕೇಳಿದ್ಯಾ?"

ಶೋರೂಮಿನ ಎದುರು ಬಜಪೆ ಬಸ್ಸು ಹಾರ್ನ್ ಹೊಡೆಯುತ್ತ ಹೋಯಿತು. ಡೆನ್ಜಿಲ್‌ನ ಫೋನ್ ರಿಂಗಾಯಿತು. ನಾಲ್ಕು ಗಂಟೆಗೆ ಯಾರನ್ನೋ ಏರ್‌ಪೋರ್ಟಿಗೆ ಬಿಡಬೇಕಂತೆ. ಅವನು ಬರುತ್ತೇನೆ ಎನ್ನಲಿಲ್ಲ, ಆಗುವುದಿಲ್ಲ ಎನ್ನಲೂ ಇಲ್ಲ. ಫೋನ್ ಹಿಡಿದು ತಂಗಿಯ ಮುಖ ನೋಡಿದ.

"ಒಪ್ಪಿಕೋ" ಎಂದಳು.

ಅವನು ಒಪ್ಪಿಕೊಂಡು ಫೋನ್ ಜೇಬಿಗಿಟ್ಟ. ಕೀ ತೆಗೆದು ಅವಳತ್ತ ಚಾಚಿದ, ನಿಜವಾಗಿಯೇ ಚಾಚಿದ. ಮನಸ್ಸು ಮಾಡಿದ್ದರೆ ತೆಗೆದುಕೊಳ್ಳಬಹುದಿತ್ತು. ಅವನು ಬಸ್ಸು ಮರೆತು ನಡೆದು ಬಂದೆ ಎಂದದ್ದನ್ನು ಕೇಳದೆ ಇದ್ದಿದ್ದರೆ ತೆಗೆದುಕೊಂಡೇ ಬಿಡುತ್ತಿದ್ದಳು. ಅವಳು ತೆಗೆದುಕೊಳ್ಳಲಿಲ್ಲ. ಕೈ ಸ್ವಲ್ಪ ಹೊತ್ತು ಅಲ್ಲೇ ಇದ್ದು ಕೆಳಗಿಳಿಯಿತು. ಹಿಂದಿನ ಬಾಗಿಲು ತೆಗೆದು ಅವಳೇ ಒಳಗೆ ಕೂತಳು.

ಬೋಳಾರದ ಮನೆಯ ರಸ್ತೆಗೆ ತಿರುಗಿದ ಮೇಲೆ ಡೆನ್ಜಿಲ್ ಕನ್ನಡಿಯಲ್ಲೂ ಅವಳನ್ನು ನೋಡದೆ, ತೀರಾ ಸಣ್ಣ ದನಿಯಲ್ಲಿ ಕೇಳಿದ.

"ಪುನಃ ವೀಸಾ ಮಾಡ್ಲಿಕ್ಕೆ ಎಷ್ಟು ದಿನ ಹಿಡೀತದೆ?"

ಕಾರ್ಮಿನ್‌ಗೆ ಕಿರುಚಬೇಕೆನಿಸಿತು. ಬಾಗಿಲು ಒದ್ದು ಇಳಿಯಬೇಕೆನಿಸಿತು. ಆದರೆ ಹತ್ತೊಂಬತ್ತು ವರ್ಷ ಮನೆಯವರು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟು ಅಭ್ಯಾಸವಾದ ಬಾಯಿ, ಅವಳನ್ನು ಕೇಳದೆಯೇ ಉತ್ತರ ಕೊಟ್ಟಿತು.

"ಎರಡು ತಿಂಗಳು ಸಾಕು."